ತೂಕದ ಮುಳ್ಳು ಮತ್ತು ರೊಟ್ಟಿಯ ಲೆಕ್ಕ

ತೂಕ ಇಳಿಸುವ ಆತುರದಲ್ಲಿ ಒಂದು ಭಾನುವಾರ ಬರೀ ಚಹಾ ಕುಡಿದು ಬಳ್ಳಾರಿಯಿಂದ ಸೈಕಲ್ಲಿನಲ್ಲಿ ಸಂಡೂರಿನ ದಾರಿ ಹಿಡಿದಿದ್ದೆ. ಕುಮಾರಸ್ವಾಮಿ ಬೆಟ್ಟದ ಏರಿನ ನಡುವೆ ಹ್ಯಾಂಡಲ್ ಹಿಡಿದ ಬೆರಳುಗಳು ನಡುಗತೊಡಗಿದವು, ತಣ್ಣನೆಯ ಬೆವರೊಡೆಯಿತು, ಕಾಲುಗಳು ಮಾತು ಕೇಳದಾದವು. ಗೆಳೆಯರು ಕೊಟ್ಟ ಬೆಲ್ಲದ ಚೂರು ಮತ್ತು ಎರಡು ಬಾಳೆಹಣ್ಣು ಹೊಟ್ಟೆಗಿಳಿದು ಕಾಲು ಗಂಟೆಯಾಗುವಷ್ಟರಲ್ಲಿ ಜೀವ ಬಂದಂತಾಯಿತು. ಮನೆಗೆ ಬಂದು ನೋಡಿದರೆ ತೂಕ ಎರಡು ಕಿಲೋ ಕಡಿಮೆಯಾಗಿತ್ತು. ಮರುದಿನ ಸಂಜೆಗೆ ಅದಷ್ಟೂ ಮರಳಿತ್ತು.

ಕಳೆದದ್ದು ಕೊಬ್ಬಲ್ಲ. ನಾವು ತಿಂದ ಪಿಷ್ಟದ (ಕಾರ್ಬೋಹೈಡ್ರೇಟ್) ಒಂದು ಪಾಲು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಂಗ್ರಹವಾಗಿರುತ್ತದೆ. ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಗ್ಲೈಕೋಜನ್ ಕರಗಿದರೆ ಆ ನೀರೂ ಹೋಗುತ್ತದೆ, ಉಂಡು ಕುಡಿದರೆ ಎರಡೂ ತಿರುಗಿ ಬರುತ್ತವೆ. ಸ್ನಾಯು ತನ್ನ ಸಂಗ್ರಹವನ್ನು ರಕ್ತಕ್ಕೆ ಬಿಟ್ಟುಕೊಡಲಾರದು, ಆದ್ದರಿಂದ ಮೆದುಳಿಗೆ ಸಕ್ಕರೆ ಒದಗಿಸುವ ಹೊಣೆ ಯಕೃತ್ತಿನದು. ರಾತ್ರಿಯ ಉಪವಾಸದಲ್ಲೇ ಅದರ ಸಂಗ್ರಹದ ಗಣನೀಯ ಪಾಲು ಖರ್ಚಾಗಿರುವಾಗ ಬರಿಹೊಟ್ಟೆಯಲ್ಲಿ ಬೆಟ್ಟ ಹತ್ತಿದರೆ ಕೈ ನಡುಗದೆ ಇನ್ನೇನಾದೀತು?

1966ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು, ಇಬ್ಬರೂ ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ಪೆಡಲ್ ತುಳಿದರು. ಬಳಿಕ ಪಿಷ್ಟ ಹೆಚ್ಚಿರುವ ಊಟ ಮಾಡುತ್ತ, ಸೂಜಿಯಿಂದ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದಾಗ, ತುಳಿದ ಕಾಲಿನಲ್ಲಿ ಗ್ಲೈಕೋಜನ್ ವಿಶ್ರಾಂತ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟು ತುಂಬಿತ್ತು. ದುಡಿದ ಸ್ನಾಯು ಅನ್ನಕ್ಕಾಗಿ ಬಾಯ್ತೆರೆದು ಕಾದಿರುತ್ತದೆ ಎಂದಾಯಿತು.

ಆದ್ದರಿಂದ ತುಳಿಯುವ ದಿನ ರೊಟ್ಟಿ ಬಿಡುವುದು ತಪ್ಪೆಂದೇ ನನ್ನ ದೃಢ ಅಭಿಪ್ರಾಯ. ಎರಡು ಗಂಟೆ ಮೀರಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಒಂದು ಕಿಲೋ ಕೊಬ್ಬು ಇಳಿಯಲು ಸುಮಾರು 7700 ಕ್ಯಾಲೊರಿಗಳ ಕೊರತೆಯಾಗಬೇಕಾದ್ದರಿಂದ, ದಿನಕ್ಕೆ 300–400ರಂತೆ ನಿಧಾನವಾಗಿ, ಅದೂ ವಿಶ್ರಾಂತಿಯ ದಿನಗಳಲ್ಲಿ ಕಡಿತ ಮಾಡುವುದೇ ಸರಿ. ಎಲ್ಲಿ ಕಡಿತ ಮಾಡಬೇಕೆಂದರೆ ಎಣ್ಣೆಯಲ್ಲಿ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿಗಳಿದ್ದರೆ, ಒಂದು ದೊಡ್ಡ ಚಮಚ ಎಣ್ಣೆಯೊಂದರಲ್ಲೇ 120 ಇರುತ್ತವೆ. ಸವಾರಿ ಮುಗಿಸಿ ಬಂದು ತಿನ್ನುವ ಮಂಡಾಳು ಒಗ್ಗರಣೆ ತೊಂದರೆಯದಲ್ಲ, ಅದರ ಜೊತೆಗಿನ ನಾಲ್ಕು ಮಿರ್ಚಿಗಳ ಲೆಕ್ಕ ಬೇರೆ. ಶೇಂಗಾ ಚಟ್ನಿಯೂ ಚಮಚದ ಅಳತೆಯಲ್ಲಿರಲಿ. ಸ್ನಾಯು ಸವೆಯದಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ಮಡಕೆಕಾಳಿನ ಪಲ್ಯ, ಬೇಳೆ, ಮೊಸರು, ಮೊಟ್ಟೆಗಳನ್ನು ಪ್ರತಿ ಊಟಕ್ಕೂ ಹಂಚಿಕೊಂಡರೆ ಸಾಧ್ಯ.

ತೂಕದ ಯಂತ್ರಕ್ಕೆ ನಮ್ಮ ಬಿಸಿಲು ಸೀಮೆಯಲ್ಲಿ ಇನ್ನೊಂದು ಒಳ್ಳೆಯ ಕೆಲಸವಿದೆ. ಸವಾರಿಗೆ ಮೊದಲು ಮತ್ತು ನಂತರ ತೂಗಿಕೊಂಡರೆ, ಕಡಿಮೆಯಾದ ಪ್ರತಿ ಕಿಲೋ ಹೆಚ್ಚುಕಡಿಮೆ ಒಂದು ಲೀಟರ್ ಬೆವರಿನ ಬಾಕಿ. ಅದನ್ನು ಉಪ್ಪು ಹಾಕಿದ ಮಜ್ಜಿಗೆಯಿಂದಲೂ ನೀರಿನಿಂದಲೂ ತೀರಿಸಬಹುದು. ಕೊಬ್ಬಿನ ಲೆಕ್ಕಕ್ಕಾದರೆ ವಾರದ ಏಳೂ ಬೆಳಗಿನ ತೂಕದ ಸರಾಸರಿ ನೋಡಬೇಕು. ಆ ಸರಾಸರಿ ಇಳಿಯುತ್ತಿದ್ದರೂ ನಿದ್ದೆ ಕೆಟ್ಟು, ಪದೇ ಪದೇ ನೆಗಡಿ ಬಂದು, ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪತೊಡಗಿದರೆ, ದೇಹಕ್ಕೆ ಊಟ ಸಾಲುತ್ತಿಲ್ಲದಿರಬಹುದು; ಆಗ ಕಡಿತ ನಿಲ್ಲಿಸಿ ವೈದ್ಯರನ್ನು ಕಾಣಬೇಕು.