ಗೇರ್ ಜಂಪ್: ಹಾಕಿದ ಗೇರ್ ತಾನಾಗಿ ಬಿಟ್ಟುಕೊಳ್ಳುವುದೇಕೆ?

ಸವಾರನು ಲಿವರ್ ಮುಟ್ಟದಿದ್ದರೂ ಹಾಕಿದ ಗೇರ್ ತಾನಾಗಿ ಬಿಟ್ಟುಕೊಳ್ಳುವ ದೋಷವನ್ನು ಗ್ಯಾರೇಜುಗಳಲ್ಲಿ ಗೇರ್ ಜಂಪ್ ಎನ್ನುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ, ಹಗುರ ಓಡಾಟದಲ್ಲಿ ಇದು ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಉಳಿಯಬಹುದು. ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಹತ್ತುವಾಗಲೋ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗಲೋ ಅದು ಬಯಲಿಗೆ ಬರುತ್ತದೆ. ಏರಿನಲ್ಲಾದರೆ ಟಪ್ ಎಂಬ ಸದ್ದಿನೊಂದಿಗೆ ಇಂಜಿನ್ ಒಮ್ಮೆಲೇ ಕಿರುಚಿಕೊಳ್ಳುತ್ತದೆ; ಇಳಿಜಾರಿನಲ್ಲಾದರೆ ಇಂಜಿನ್ನಿನ ಹಿಡಿತ ತಪ್ಪಿ ಬೈಕು ಮುಂದಕ್ಕೆ ನುಗ್ಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಗೇರಿನ ಹಲ್ಲು ಸವೆದಿರುವುದೇ ಕಾರಣ ಎಂದು ಹಲವರು ನಂಬಿದ್ದಾರೆ. ಸಾಮಾನ್ಯವಾಗಿ ಅದು ನಿಜವಲ್ಲ. ಇಂದಿನ ಬೈಕುಗಳ ಗೇರ್ ಬಾಕ್ಸಿನಲ್ಲಿ ಗೇರುಗಳು ಜೋಡಿಜೋಡಿಯಾಗಿದ್ದು, ಪ್ರತಿ ಜೋಡಿಯ ಹಲ್ಲುಗಳು ಸದಾಕಾಲ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಆದರೆ ಜೋಡಿಯಲ್ಲಿ ಒಂದು ಗೇರ್ ಮಾತ್ರ ತನ್ನ ಶಾಫ್ಟಿನೊಂದಿಗೆ ತಿರುಗುತ್ತದೆ, ಇನ್ನೊಂದು ಶಾಫ್ಟಿನ ಮೇಲೆ ಬಿಡಿಯಾಗಿ ಸುತ್ತುತ್ತಿರುತ್ತದೆ. ನಾವು ಗೇರ್ ಹಾಕಿದಾಗ ಪಕ್ಕದ ಗೇರೊಂದು ಸರಿದು ಬಂದು, ತನ್ನ ಬದಿಯಲ್ಲಿರುವ ದಪ್ಪ ಗೂಟಗಳಿಂದ ಆ ಬಿಡಿ ಗೇರನ್ನು ಹಿಡಿದುಕೊಳ್ಳುತ್ತದೆ. ಈ ಗೂಟಗಳಿಗೆ ಡಾಗ್ ಎಂದು ಹೆಸರು. ಗೇರನ್ನು ಸರಿಸುವುದು ಅದರ ತೋಡಿನಲ್ಲಿ ಕುಳಿತಿರುವ, ಕವೆಯಾಕಾರದ ಫೋರ್ಕ್; ಫೋರ್ಕನ್ನು ನಡೆಸುವುದು ಲಿವರ್ ಒತ್ತಿದಷ್ಟು ಸಲ ಒಂದೊಂದು ಮನೆ ತಿರುಗುವ ಡ್ರಮ್; ಡ್ರಮ್ ಅಲ್ಲಾಡದಂತೆ ತಡೆದು ನಿಲ್ಲಿಸುವುದು ಸ್ಪ್ರಿಂಗ್ ಕಟ್ಟಿದ ಒಂದು ಸಣ್ಣ ರೋಲರ್.

ಡಾಗ್‌ನ ಬದಿಗಳನ್ನು ನೇರವಾಗಿ ಕಡಿದಿರುವುದಿಲ್ಲ. ಬುಡಕ್ಕಿಂತ ತುದಿ ತುಸು ಅಗಲವಾಗುವಂತೆ, ಕೆಲವೇ ಡಿಗ್ರಿಗಳಷ್ಟು ಒಳಮುಖವಾಗಿ ಓರೆ ಮಾಡಿರುತ್ತಾರೆ. ಹೀಗಾಗಿ ಇಂಜಿನ್ ಎಳೆದಷ್ಟೂ ಎರಡು ಗೇರುಗಳು ಒಂದನ್ನೊಂದು ಹತ್ತಿರಕ್ಕೆ ಸೆಳೆದುಕೊಳ್ಳುತ್ತವೆ. ಕ್ಲಚ್ ಪೂರ್ತಿ ಹಿಡಿಯದೆ ಒದ್ದು ಗೇರ್ ಹಾಕಿದಾಗ, ಅರ್ಧಂಬರ್ಧ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದಾಗ, ಈ ಗೂಟಗಳ ಮೂಲೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ವರ್ಷಗಳ ಬಡಿತಕ್ಕೆ ಸಿಕ್ಕಿದ ಡಾಗನ್ನು ಬೆಳಕಿಗೆ ಹಿಡಿದು ನೋಡಿದರೆ, ಅದರ ಮೂಲೆ ಬಳಸಿದ ಸೋಪಿನ ಅಂಚಿನಂತೆ ದುಂಡಗಾಗಿ ಹೊಳೆಯುತ್ತಿರುತ್ತದೆ. ಆಗ ಓರೆಯ ಗುಣವೇ ತಿರುವುಮುರುವಾಗಿ, ಒಳಗೆಳೆಯಬೇಕಾದ ಬಲವು ಗೇರನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯುವ ಹೊರೆ ಪಾಪದ ಫೋರ್ಕಿನ ಮೇಲೆ ಬೀಳುತ್ತದೆ. ಅದು ತಿಕ್ಕಾಟದಲ್ಲಿ ಕಾದು ತುದಿ ನೀಲಿಗಟ್ಟುತ್ತದೆ, ಸವೆದು ತೆಳುವಾಗುತ್ತದೆ, ಕೊನೆಗೆ ಬಾಗುತ್ತದೆ. ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡು ಕಾಫಿ ತೋಟಗಳ ನಡುವೆ ಬೈಕು ಓಡಿಸುವವರು ಇನ್ನೊಂದನ್ನು ಗಮನಿಸಬೇಕು: ಬೂಟಿನ ಮೂತಿ ಲಿವರ್ ಮೇಲೆ ಸದಾ ಒರಗಿಕೊಂಡಿದ್ದರೂ ಫೋರ್ಕಿಗೆ ಇಂಥದೇ ಒತ್ತಡ ಬೀಳುತ್ತದೆ.

ಆದ್ದರಿಂದ ಒಳ್ಳೆಯ ಮೆಕ್ಯಾನಿಕ್ ಪಾನಾ ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆ ಕೇಳುತ್ತಾನೆ. ಎಷ್ಟನೇ ಗೇರಿನಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ? ಡಾಗ್‌ಗೆ ಎರಡು ಮುಖಗಳಿವೆ. ಆಕ್ಸಿಲರೇಟರ್ ಕೊಟ್ಟಾಗ ಒಂದು ಮುಖ ಹೊರೆ ಹೊರುತ್ತದೆ, ಬಿಟ್ಟಾಗ ಇನ್ನೊಂದು. ಏರಿನಲ್ಲಿ ಮಾತ್ರ ಜಿಗಿಯುವ ಗೇರಿಗೆ ಎಳೆಯುವ ಮುಖ ಸವೆದಿದೆ, ಘಾಟಿ ಇಳಿಯುವಾಗ ಮಾತ್ರ ಜಿಗಿದರೆ ಹಿಂಬದಿಯ ಮುಖ ಸವೆದಿದೆ ಎಂದು ಮೊದಲ ಅಂದಾಜು ಮಾಡಬಹುದು. ಒಂದೇ ಫೋರ್ಕ್ ಅತ್ತಿತ್ತ ಸರಿದು ಎರಡು ಗೇರುಗಳನ್ನು ನೋಡಿಕೊಳ್ಳುವುದು ವಾಡಿಕೆಯಾದ್ದರಿಂದ, ಆ ಎರಡೂ ಗೇರುಗಳು ಜಿಗಿಯುತ್ತಿದ್ದರೆ ಸಂಶಯ ಫೋರ್ಕಿನ ಮೇಲೆ ಹೋಗಬೇಕು. ಎಲ್ಲ ಗೇರುಗಳೂ ಸಡಿಲವೆನಿಸಿ, ಹಾಕಿದಾಗ ಕಟ್ ಎಂದು ಕೂರುವ ಅನುಭವವೇ ಇಲ್ಲದಿದ್ದರೆ ಡ್ರಮ್ ತಡೆಯುವ ರೋಲರಿನ ಸ್ಪ್ರಿಂಗ್ ಮುರಿದಿರಬಹುದು. ಹೆಚ್ಚಿನ ಬೈಕುಗಳಲ್ಲಿ ಈ ರೋಲರ್ ಕ್ಲಚ್ ಕವರಿನ ಹಿಂದೆಯೇ ಸಿಗುತ್ತದೆ, ಇಂಜಿನ್ ಇಳಿಸುವ ಗೋಜಿಲ್ಲ. ಈ ವ್ಯತ್ಯಾಸ ತಿಳಿಯದೆ ಪೂರ್ತಿ ಇಂಜಿನ್ ಬಿಚ್ಚಿಸಿಕೊಂಡವರು ಕಡಿಮೆಯೇನಿಲ್ಲ.

ಗೇರ್ ಜಂಪಿನ ವೇಷದಲ್ಲಿ ಬರುವ ಬೇರೆ ದೋಷಗಳೂ ಇವೆ. ಸವೆದ ಚೈನು ಸ್ಪ್ರಾಕೆಟ್ಟಿನ ಮೇಲೆ ಹಾರಿದರೆ ಅದೇ ರೀತಿಯ ಟಕ್ ಸದ್ದು ಬರುತ್ತದೆ, ಆದರೆ ಗೇರ್ ಮಾತ್ರ ಇದ್ದಲ್ಲೇ ಇರುತ್ತದೆ. ಕ್ಲಚ್ ಪ್ಲೇಟು ಜಾರಿದರೆ ಸದ್ದೇ ಇಲ್ಲದೆ ಇಂಜಿನ್ನಿನ ವೇಗ ಮಾತ್ರ ಏರುತ್ತದೆ. ಇಂಜಿನ್ ನಿಂತಿದ್ದಾಗ ಹಿಂದಿನ ಚಕ್ರ ತಿರುಗಿಸುತ್ತ ಸಲೀಸಾಗಿ ಹಾಕಬಹುದಾದ ಗೇರ್, ಇಂಜಿನ್ ಓಡುತ್ತಿದ್ದಾಗ ಮಾತ್ರ ಹಟ ಹಿಡಿದರೆ, ತಪ್ಪು ಗೇರ್ ಬಾಕ್ಸಿನದಲ್ಲ, ಪೂರ್ತಿ ಬಿಡದ ಕ್ಲಚ್ಚಿನದು. ಆಯಿಲ್ ಇಳಿಸಿದಾಗ ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟಿನ ತುದಿಯಲ್ಲಿ ಬೂದುಬಣ್ಣದ ನುಣುಪಾದ ಕೆಸರು ಕಂಡರೆ ಗಾಬರಿಯಾಗಬೇಕಿಲ್ಲ. ಉಗುರಿಗೆ ತಾಗುವ ಉಕ್ಕಿನ ಚೂರುಗಳಿದ್ದರೆ ಮಾತ್ರ ಒಳಗೆ ಏನೋ ಒಡೆದಿದೆ.

ಡಾಗ್ ಅಥವಾ ಫೋರ್ಕ್ ಸವೆದಿರುವುದು ಖಚಿತವಾದರೆ ಇಂಜಿನ್ ಇಳಿಸಿ, ಅದರ ಹೊರಕವಚವಾದ ಕ್ರ್ಯಾಂಕ್ ಕೇಸ್ ಬಿಚ್ಚದೆ ಸಾಮಾನ್ಯವಾಗಿ ಗತ್ಯಂತರವಿಲ್ಲ. ವೆಲ್ಡಿಂಗ್ ಮಾಡಿಸಿ ಅರದಿಂದ ತಿದ್ದಿಸುವ ಅಗ್ಗದ ದಾರಿಯನ್ನು ನಾನು ಒಪ್ಪುವುದಿಲ್ಲ. ಗೇರಿನ ಉಕ್ಕಿಗೆ ಗಡಸುತನ ಕೊಟ್ಟಿರುವುದು ತೆಳುವಾದ ಮೇಲ್ಪದರದಲ್ಲಿ ಮಾತ್ರ, ವೆಲ್ಡಿಂಗಿನ ಕಾವಿಗೆ ಅದು ಹಾಳಾಗುತ್ತದೆ. ಸವೆದ ಗೇರನ್ನೂ ಅದರ ಡಾಗ್ ಹೊಕ್ಕುವ ಎದುರು ಗೇರನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಹಳೆಯದರ ದುಂಡು ಅಂಚು ಹೊಸದನ್ನೂ ಬೇಗ ತಿನ್ನುತ್ತದೆ. ಫೋರ್ಕಿನ ತುದಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು ಆ ಮಾದರಿಯ ಕೈಪಿಡಿಯಲ್ಲಿರುವ ಮಿತಿಯೊಂದಿಗೆ ಹೋಲಿಸಬೇಕು. ಗೇರುಗಳು ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಉಂಗುರಗಳಾದ ಸರ್ಕ್ಲಿಪ್ಪುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು, ವಾಷರುಗಳನ್ನು ಇದ್ದ ಕ್ರಮದಲ್ಲೇ ಕೂರಿಸಬೇಕು. ಕೇಸ್ ಮುಚ್ಚಿದ ಮೇಲೆ, ಇಂಜಿನ್ನನ್ನು ಫ್ರೇಮಿಗೆ ಏರಿಸುವ ಮುನ್ನವೇ, ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ತೆಗೆದು ನೋಡಿದರೆ, ಜೋಡಣೆಯಲ್ಲಿ ಲೋಪವಿದ್ದಲ್ಲಿ ಮೇಜಿನ ಮೇಲೆಯೇ ತಿಳಿಯುತ್ತದೆ.