ಕಾಯಿಲ್ ಹೋಗಿಲ್ಲ, ಲಗ್ ಸುಟ್ಟಿದೆ

ಹಳೇ ಓಟಿಜಿ, ಅಂದರೆ ಕೇಕ್ ಬೇಯಿಸುವ ಕರೆಂಟ್ ಓವನ್, ಹೊತ್ತು ತರುವವರು ಅಂಗಡಿ ಮೆಟ್ಟಿಲು ಹತ್ತುವಾಗಲೇ ಹೇಳಿಬಿಡುತ್ತಾರೆ: "ಕಾಯಿಲ್ ಹೋಗಿದೆ, ಹೊಸದು ಹಾಕಿಕೊಡಿ." ನಾನು ಹೂಂ ಅನ್ನುವುದಿಲ್ಲ. ನನ್ನ ಮೇಜಿಗೆ ಬಂದವುಗಳಲ್ಲಿ ಕಾಯಿಲ್, ಅಂದರೆ ಒಳಗೆ ಕಾಯುವ ಕಡ್ಡಿ, ನಿಜವಾಗಿ ಸತ್ತಿರುವುದು ಕಡಿಮೆ.

ಮೊನ್ನೆ ಒಬ್ಬರು ತಂದಿದ್ದು ಹಾಗೇ. ಮನೆ ಖಾಲಿ ಮಾಡುತ್ತಿದ್ದವರಿಂದ 1,500 ರೂಪಾಯಿಗೆ ಕೊಂಡಿದ್ದರಂತೆ. "ಮೊದಲ ಕೇಕೇ ಮೇಲೆ ಕರಕಲು, ಅಡಿಯಲ್ಲಿ ಹಸಿ ಹಿಟ್ಟು ಅಣ್ಣ" ಎಂದರು. ಕೆಳಗಿನ ಕಾಯಿಲ್‌ಗೆ ಕರೆಂಟ್ ಹೋಗುತ್ತಿಲ್ಲ ಅನ್ನೋದಕ್ಕೆ ಅಷ್ಟು ಸಾಕು.

ಪ್ಲಗ್ ಕಿತ್ತಿಟ್ಟು, ಕವರ್ ಬಿಚ್ಚಿ, ಕಾಯಿಲ್‌ನ ವೈರ್ ಬಿಡಿಸಿ ಮಲ್ಟಿಮೀಟರ್ ಇಟ್ಟೆ. 70 ಓಮ್. ಎಷ್ಟು ಓಮ್ ಇರಬೇಕು ಅಂತ ತಿಳಿಯಲು ಮನೆಯ ವೋಲ್ಟೇಜ್ 230ನ್ನು 230ರಿಂದ ಗುಣಿಸಿ, ಕಾಯಿಲ್‌ನ ವ್ಯಾಟ್‌ನಿಂದ ಭಾಗಿಸಿ ನೋಡಿ. ಇದು 750 ವ್ಯಾಟ್‌ನದ್ದು, ಲೆಕ್ಕ ಸರಿಯಾಗಿ ಕೂರುತ್ತದೆ. ತುಂಡಾಗಿದ್ದರೆ ಮೀಟರ್ ಓಎಲ್ (ಅಳತೆಗೆ ಸಿಗದು) ಅಂತ ತೋರಿಸುತ್ತಿತ್ತು. ಎರಡು ಕಡ್ಡಿ ಸೀರೀಸ್‌ನಲ್ಲಿದ್ದರೆ, ಅಂದರೆ ಒಂದರ ತುದಿಗೆ ಇನ್ನೊಂದು ಸೇರಿದ್ದರೆ, ಎರಡನ್ನೂ ಸೇರಿಸಿ ಅಳೆಯಬೇಕು.

ಕಳ್ಳ ಸಿಕ್ಕಿದ್ದು ಯಾವ ಕಾಯಿಲ್ ಕಾಯಬೇಕೆಂದು ಆರಿಸುವ ಸೆಲೆಕ್ಟರ್ ಸ್ವಿಚ್ ಹತ್ತಿರ. ವೈರ್ ತುದಿಯ ಲಗ್, ಅಂದರೆ ಸ್ವಿಚ್‌ಗೆ ಸಿಕ್ಕಿಸುವ ಲೋಹದ ತುಂಡು, ಇದ್ದಿಲಿನಂತಾಗಿತ್ತು, ಮುಟ್ಟಿದರೆ ಉದುರಿತು. ಲಗ್ ಸ್ವಲ್ಪ ಸಡಿಲವಾದರೆ ಅಲ್ಲಿ ಬಿಸಿ ಜಾಸ್ತಿ, ಬಿಸಿಯಾದಷ್ಟೂ ಇನ್ನೂ ಸಡಿಲ. ಹಿಂದೆ ಯಾರೋ ಪುಣ್ಯಾತ್ಮರು ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಅದು ಬೆಲ್ಲದ ಪಾಕದ ಹಾಗೆ ಕರಗಿ ತಗಡಿಗೆ ಅಂಟಿತ್ತು.

ಸುಟ್ಟ ವೈರನ್ನು ಹೊಳೆಯುವ ತಾಮ್ರ ಕಾಣುವತನಕ ಕತ್ತರಿಸಿದೆ. ಹೊಸ ಲಗ್ ಹಾಕಿ ಇಕ್ಕಳದಿಂದ ಗಟ್ಟಿಯಾಗಿ ಒತ್ತಿ ಕ್ರಿಂಪ್ ಮಾಡಿ, ಮೇಲೆ ಫೈಬರ್‌ಗ್ಲಾಸ್ ಸ್ಲೀವ್ ಏರಿಸಿದೆ. ಇಲ್ಲಿ ಬೆಸುಗೆ ಬೇಡ, ಮಾಮೂಲಿ ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಮನೆಯ ವೈರಿಂಗ್‌ನ ಪಿವಿಸಿ ವೈರ್ ತುಂಡೂ ಬೇಡ.

ಮಳೆಗಾಲ ಪೂರ್ತಿ ಅಟ್ಟದಲ್ಲಿದ್ದ ಓವನ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆಯೇ? ಕಾಯಿಲ್ ಒಳಗಿನ ಬಿಳಿ ಪುಡಿ, ಮೆಗ್ನೀಸಿಯಂ ಆಕ್ಸೈಡ್, ತೇವ ಎಳೆದುಕೊಂಡಿರಬಹುದು. ಟ್ರಿಪ್ ಆಗದ ಹಾಗೆ ಮಾಡಲು ಅರ್ತ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ಆಮೇಲೆ ಓವನ್‌ನ ಹೊರ ತಗಡಿಗೆ ಬಂದ ಕರೆಂಟ್ ಇಳಿಯುವುದು ಮುಟ್ಟಿದವರ ಮೈಯಲ್ಲೇ. ಅದಕ್ಕೇ ಕವರ್ ಮುಚ್ಚುವ ಮೊದಲು ಪ್ಲಗ್‌ನ ದಪ್ಪ ಅರ್ತ್ ಪಿನ್‌ಗೂ ಓವನ್‌ನ ಹೊರ ತಗಡಿಗೂ ನಡುವೆ ಅಳೆದೆ. ಒಂದು ಓಮ್‌ಗಿಂತ ಕಡಿಮೆ ಇತ್ತು.

ಇದನ್ನೆಲ್ಲ ಓದಿ ಮೈಕ್ರೋವೇವ್ ಬಿಚ್ಚಬೇಡಿ. ಅದರ ಕೆಪಾಸಿಟರ್‌ಗೆ ಸುಮಾರು 2,000 ವೋಲ್ಟ್ ಬರುತ್ತದೆ, ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು.

ಕೊನೆಗೆ ಒಳಗೊಂದು ಓವನ್ ಥರ್ಮಾಮೀಟರ್ ಇಟ್ಟು ಅರ್ಧ ಗಂಟೆ ಬಿಟ್ಟೆ. ಗುಂಡಿ 180ರಲ್ಲಿದ್ದರೆ ಒಳಗೆ 200ರ ಆಸುಪಾಸು. ಥರ್ಮೋಸ್ಟಾಟ್ ಬದಲಿಸಿದರೆ ಸುಮ್ನೆ ದುಡ್ಡು ದಂಡ. 160ರ ಹತ್ತಿರ ಮಾರ್ಕರ್‌ನಲ್ಲಿ ಗೆರೆ ಎಳೆದು, "ಕೇಕ್‌ಗೆ ಇಲ್ಲಿಗೆ ತಿರುಗಿಸಿ ಮೇಡಂ" ಎಂದು ಕೊಟ್ಟು ಕಳಿಸಿದೆ.