ಫೋರಂ ಮಾಲ್‌ನಲ್ಲಿ ಸಿನಿಮಾ ಮೇಲಿನ ಮಹಡಿಯಲ್ಲೇ ಯಾಕೆ?

ಬೋರ್ಡಿನ ಮೇಲೆ ನೆಕ್ಸಸ್ ಅಂತ ಇದೆ. ಆದರೂ ಆಟೋದವರಿಗೆ ನಾನು ಇವತ್ತಿಗೂ ‘ಕೋರಮಂಗಲ ಫೋರಂ’ ಅಂತಲೇ ಹೇಳುವುದು. ಮಾಲ್‌ಗಳಲ್ಲಿ ಅಂಗಡಿ ಬಾಡಿಗೆಗೆ ಕೊಡಿಸುವುದೇ ನನ್ನ ಕೆಲಸ. ಈ ಕಸುಬು ನನಗೆ ಅರ್ಥವಾಗಿದ್ದು ಆ ಕಟ್ಟಡ ನೋಡಿಯೇ.

2004ರಲ್ಲಿ ಬಿಲ್ಡರ್ ಪ್ರೆಸ್ಟೀಜ್‌ನವರು ಹೊಸೂರು ರಸ್ತೆಯಲ್ಲಿ ಅದನ್ನು ತೆರೆದರು. ಅಲ್ಲಿಯವರೆಗೆ ಬಟ್ಟೆ ತೆಗೆಯಬೇಕು ಅಂದರೆ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟು. ಇಲ್ಲಿ ಒಂದೇ ಸೂರಿನಡಿ ಪಿವಿಆರ್‌ನ 11 ಪರದೆ! ಎಲ್ಲವೂ ಮೇಲಿನ ಮಹಡಿಯಲ್ಲಿ. ಸಿನಿಮಾ ಹಾಲ್‌ನ ನಡುವೆ ಕಂಬ ಇರುವಂತಿಲ್ಲ, ಎತ್ತರವೂ ಜಾಸ್ತಿ ಬೇಕು, ಹಾಗಾಗಿ ಮೇಲೆ ಕಟ್ಟುವುದೇ ಸುಲಭ ಅನ್ನುವುದು ಇಂಜಿನಿಯರ್ ಲೆಕ್ಕ. ನಮ್ಮ ಲೆಕ್ಕ ಬೇರೆ. ಟಿಕೆಟ್ ಹಿಡಿದು ಬಂದವನು ಎಸ್ಕಲೇಟರ್ ಹತ್ತುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ, ಎಲ್ಲ ಅಂಗಡಿಗಳನ್ನೂ ನೋಡಿಕೊಂಡೇ ಹೋಗಬೇಕು. ಅದಕ್ಕೇ ಥಿಯೇಟರಿನವರಿಗೆ ಚದರಡಿ ಬಾಡಿಗೆ ಕಡಿಮೆ, ಅವರು ಕರೆತಂದ ಜನಕ್ಕೆ ಮಾರುವ ಸಣ್ಣ ಅಂಗಡಿಗಳಿಗೆ ಜಾಸ್ತಿ. ನಮ್ಮ ಭಾಷೆಯಲ್ಲಿ ಥಿಯೇಟರ್ ‘ಆಂಕರ್’, ಅಂದರೆ ಇಡೀ ಮಾಲ್‌ಗೆ ಜನರನ್ನು ಎಳೆದು ತರುವ ದೊಡ್ಡ ಬಾಡಿಗೆದಾರ.

ಜನ ಹೇಗೆ ನಡೆಯುತ್ತಾರೆ ಅನ್ನುವುದು ನಕ್ಷೆ ನೋಡಿದರೆ ಗೊತ್ತಾಗುವುದಿಲ್ಲ. ಒಬ್ಬ ಸೀರೆ ವ್ಯಾಪಾರಿ (ಊರಿನ ಬೇರೆ ಒಂದು ಮಾಲ್‌ನಲ್ಲಿ) ಕಾರಿಡಾರಿನ ತುದಿಯ ಅಂಗಡಿ ಹಿಡಿದಿದ್ದರು. ಬಾಡಿಗೆ ಸ್ವಲ್ಪ ಕಡಿಮೆ ಅಂತ ನಾನೇ ಹೂಂ ಅಂದಿದ್ದೆ, ಅದು ನನ್ನದೇ ತಪ್ಪು. ಒಂದು ಸಂಜೆ ಇಬ್ಬರೂ ಸ್ಟೂಲ್ ಹಾಕಿಕೊಂಡು ಎಣಿಸಲು ಕೂತೆವು. ಮೂವತ್ತು ಹೆಜ್ಜೆ ಆಚೆ ಎಸ್ಕಲೇಟರ್ ಮುಂದೆ ಜಾತ್ರೆ. ನಮ್ಮ ಕಡೆ ಬಂದವರಲ್ಲಿ ಮುಕ್ಕಾಲು ಪಾಲು ಕೇಳಿದ್ದು ಒಂದೇ: “ಅಣ್ಣಾ, ಟಾಯ್ಲೆಟ್ ಎಲ್ಲಿ?”

ಫೋರಂನ ಒಳಗೂ ಬಹಳ ಬದಲಾಗಿದೆ. ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿಯಲ್ಲಿ ಸುಮ್ನೆ ಎರಡು ಗಂಟೆ ನಿಂತು ಓದಿ ಏನೂ ಕೊಳ್ಳದೆ ಬರುತ್ತಿದ್ದೆವಲ್ಲ, ಆ ಅಂಗಡಿ ಈಗಿಲ್ಲ. ಪುಸ್ತಕ ಈಗ ಫೋನಿನಲ್ಲೇ ಬುಕ್ ಮಾಡಿದರೆ ಮನೆಗೆ ಬರುತ್ತದೆ. ಬಿಸಿ ದೋಸೆ ಮುಂದೆ ಕೂತು ಹರಟುವ ಖುಷಿ ಹಾಗೆ ಮನೆಗೆ ಬರುವುದಿಲ್ಲ. ಹಾಗಾಗಿ ಮಾಲ್‌ಗಳು ತಿಂಡಿಗೆ, ಮಕ್ಕಳ ಆಟಕ್ಕೆ ಜಾಸ್ತಿ ಜಾಗ ಬಿಡುತ್ತಿವೆ. ಮಾಲೀಕರೂ ಬದಲಾದರು. ಅಮೆರಿಕದ ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್ ಕೊಂಡ ಮೇಲೆ ಹೆಸರು ನೆಕ್ಸಸ್ ಆಯಿತು, 2023ರ ಮೇನಲ್ಲಿ ಇಂಥ ಮಾಲ್‌ಗಳ ಒಡೆತನದ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಷೇರು ಮಾರುಕಟ್ಟೆಗೂ ಬಂತು. ಅಂದರೆ ಈಗ ನೀವೂ ಮಾಲ್‌ಗಳ ಬಾಡಿಗೆಯಲ್ಲಿ ಒಂದು ಚೂರು ಪಾಲು ಕೊಳ್ಳಬಹುದು.

ಅಂಗಡಿ ಹಾಕುವವರು ಬಾಡಿಗೆ ಕರಾರನ್ನು ನಿಧಾನವಾಗಿ ಓದಿ. ಮಿನಿಮಮ್ ಗ್ಯಾರಂಟಿ (ತಿಂಗಳಿಗೆ ಇಷ್ಟು ಅಂತ ನಿಗದಿಯಾದ ಕನಿಷ್ಠ ಬಾಡಿಗೆ) ಅಥವಾ ಮಾರಾಟದಲ್ಲಿ ಪಾಲು, ಎರಡರಲ್ಲಿ ಯಾವುದು ಜಾಸ್ತಿಯೋ ಅದು ಅಂತ ಬರೆದಿದ್ದರೆ, ವ್ಯಾಪಾರ ಬಿದ್ದ ತಿಂಗಳೂ ಗ್ಯಾರಂಟಿ ದುಡ್ಡು ಕಟ್ಟಲೇಬೇಕು. ಮೇಲೆ ಮೆಂಟೆನೆನ್ಸ್ ಬೇರೆ. ಸಹಿ ಹಾಕುವ ಮುಂಚೆ ಒಂದು ಮಂಗಳವಾರ ಮಧ್ಯಾಹ್ನ ಆ ಶಟರ್ ಮುಂದೆ ನಿಂತು ಜನರನ್ನು ಎಣಿಸಿ. ಶನಿವಾರ ಬೇಡ, ಶನಿವಾರ ಎಲ್ಲ ಮಾಲೂ ತುಂಬಿರುತ್ತದೆ.